ಕೋಲ್ಡ್ ರೂಮಿನ ಸೊಸೆ

ಬಾಯವ್ವ ಸೊಸೆಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದ ದಿನ ಮನೆಯಲ್ಲಿ ಯಾರೂ ದನಿ ಏರಿಸಲಿಲ್ಲ. ಅನ್ನಪೂರ್ಣಾ ಆಗಷ್ಟೇ ಕಂಪನಿಯಿಂದ ಬಂದು, ಬಚ್ಚಲಿಗೆ ಹೋಗಿ ಮೈ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಹಿಟ್ಟು ನಾದಲೆಂದು ಒಳಗೆ ಕಾಲಿಟ್ಟಿದ್ದಳು. ಬಾಯವ್ವ ಹಿಟ್ಟಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಸೊಸೆಯ ಮುಖ ನೋಡದೆ ಕೇಳಿದಳು.

"ಕಂಪನ್ಯಾಗ ಏನ್ ಕೆಲಸಾ ಮಾಡತಿ ನೀ?"

"ಪ್ಯಾಕಿಂಗ್ ರಿ."

"ಏನ್ ಪ್ಯಾಕ್ ಮಾಡತಿ?"

ಸುಳ್ಳು ಹೇಳುವುದಿದ್ದರೆ ಅನ್ನಪೂರ್ಣಾ ಥಟ್ಟನೆ ಹೇಳಬೇಕಿತ್ತು. ಆ ಗಳಿಗೆ ದಾಟಿಹೋಯಿತು.

"ಕೋಳಿ ರಿ," ಎಂದಳು.

"ಹೊರಗ ಕುಂಡ್ರು. ಇನ್ನ ಮ್ಯಾಲೆ ನನ್ನ ಒಲಿ ಮುಟ್ಟಬ್ಯಾಡ."

ನಡೆದದ್ದು ಇಷ್ಟೇ. ಪಡಸಾಲೆಯಲ್ಲಿ ಕೂತಿದ್ದ ಮಾವ ಬಸವಣ್ಣೆಪ್ಪ ಕೇಳಿಯೂ ಕೇಳದವನಂತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಎರಡನೇ ಇಯತ್ತೆಯಲ್ಲಿದ್ದ ಮಗಳು ಪ್ರಣಿತಾ ಪಾಟಿಚೀಲದಿಂದ ತಲೆಯೆತ್ತಿ ಒಮ್ಮೆ ಅವ್ವನನ್ನು, ಒಮ್ಮೆ ಆಯಿಯನ್ನು ನೋಡಿದಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುತ್ತಿದ್ದಳು. ಅನ್ನಪೂರ್ಣಾ ಹೊರಗೆ ಬಂದು ಕಂಬಕ್ಕೆ ಒರಗಿ ಕೂತಳು. ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಆ ಸದ್ದಿನಲ್ಲಿ ಸಿಟ್ಟೂ ಇರಲಿಲ್ಲ, ಅವಸರವೂ ಇರಲಿಲ್ಲ. ದಿನದ ಹಾಗೆಯೇ ಇತ್ತು.

ಅವರ ಮನೆ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡೇ ಇತ್ತು. ಬಸವಣ್ಣೆಪ್ಪ ಬೈಲಹೊಂಗಲದ ಅರಳೆ ಫ್ಯಾಕ್ಟರಿಯೊಂದರಲ್ಲಿ ವಾಚಮನ್ ಆಗಿ ದುಡಿದು, ಮೊಣಕಾಲು ಸವೆದ ಮೇಲೆ ಮನೆ ಹಿಡಿದವನು. ಬಾಯವ್ವ ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ಲಿಂಗಾಯತರ ಮನೆ. ಬೆಳಗ್ಗೆ ಜಳಕವಾಗಿ, ಲಿಂಗಪೂಜೆಯಾಗಿ, ಹಣೆಗೆ ವಿಭೂತಿ ಬೀಳದೆ ಬಾಯವ್ವ ಒಂದು ಗುಟುಕು ಚಹಾ ಕುಡಿದವಳಲ್ಲ.

ಮಗ ಬಾಳೇಶ ಮತ್ತು ಸೊಸೆ ಇಬ್ಬರೂ ದುಡಿಯುತ್ತಿದ್ದುದು ಒಂದೇ ಕಂಪನಿಯಲ್ಲಿ. ಕಿತ್ತೂರು ದಾಟಿ ಹೈವೇ ಪಕ್ಕದಲ್ಲಿ ತಗಡು ಹೊದಿಸಿದ ದೊಡ್ಡ ಗೋದಾಮು. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮಾಲು ಬಂದು ಅಲ್ಲಿ ಇಳಿಯುತ್ತಿತ್ತು. ಹೆಚ್ಚಿದ ಉಳ್ಳಾಗಡ್ಡಿ, ಸೋಸಿದ ಕೊತ್ತಂಬರಿ, ಪನೀರು, ದೋಸೆ ಹಿಟ್ಟು, ಕೋಳಿ ಮಾಂಸ, ಎಲ್ಲವೂ ತೂಕವಾಗಿ, ಪ್ಯಾಕಾಗಿ ಸುತ್ತಲಿನ ಖಾನಾವಳಿ, ಧಾಬಾ, ಹಾಸ್ಟೆಲು, ಕಲ್ಯಾಣ ಮಂಟಪಗಳಿಗೆ ಹೋಗುತ್ತಿತ್ತು. ಅನ್ನಪೂರ್ಣಾ ಎರಡು ವರ್ಷ ತರಕಾರಿ ಸೆಕ್ಷನ್ನಿನಲ್ಲಿದ್ದಳು. ಉಳ್ಳಾಗಡ್ಡಿಗೆ ಕಣ್ಣು ಉರಿಯುವುದು ಬಿಟ್ಟರೆ ಬೇರೆ ತಕರಾರಿರಲಿಲ್ಲ. ಶ್ರಾವಣದಲ್ಲಿ ಕಂಪನಿಯವರು ತರಕಾರಿ ಹೆಚ್ಚುವ ಮಷೀನು ತರಿಸಿದರು. ಶ್ರಾವಣ ಮುಗಿದದ್ದೇ ತಡ, ತಿಂಗಳಿಡೀ ಬಾಯಿ ಕಟ್ಟಿದ್ದ ಜನರೆಲ್ಲ ಒಮ್ಮೆಲೇ ತಿನ್ನಲು ಶುರುಮಾಡಿ ಕೋಳಿ ಆರ್ಡರು ಏರಿತು. ಸೂಪರ್‌ವೈಸರ್ ಬೀರಪ್ಪ ತರಕಾರಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಕೋಲ್ಡ್ ರೂಮಿಗೆ ಬರುವವರು ಬರಬಹುದು, ಪಗಾರ ಸ್ವಲ್ಪ ಹೆಚ್ಚು, ಉಳಿದವರಿಗೆ ಕೆಲಸವಿಲ್ಲ ಎಂದ. ಒಂದಿಬ್ಬರನ್ನು ಮಾತ್ರ ಮಷೀನಿನ ಹತ್ತಿರ ಉಳಿಸಿಕೊಂಡ. ಹೆಚ್ಚಿನವರು ಅಂದೇ ಡಬ್ಬಿ ಎತ್ತಿಕೊಂಡು ಹೋದರು.

ಅನ್ನಪೂರ್ಣಾ ಹೋಗಲಿಲ್ಲ. ಮಾವನ ಮೊಣಕಾಲಿನ ಆಪರೇಶನ್ನು ತಲೆಯ ಮೇಲಿತ್ತು, ಮಗಳ ಸಾಲಿಯ ವ್ಯಾನಿನ ಖರ್ಚಿತ್ತು. ಬಾಳೇಶನನ್ನು ಕೇಳಿದಾಗ ಅವನು, ಒಪ್ಪಿಕೋ, ಮನೆಯಲ್ಲಿ ಮಾತ್ರ ಹೇಳಬೇಡ ಎಂದಿದ್ದ.

ಕೋಲ್ಡ್ ರೂಮಿನ ಮೊದಲ ದಿನ ಅವಳು ಗೋದಾಮಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಅಲ್ಲಿನ ವಾಸನೆ ಕೋಳಿಯದ್ದಲ್ಲ, ನೆಲ ತೊಳೆಯುವ ಬ್ಲೀಚಿಂಗ್ ಪೌಡರಿನದು. ಆದರೆ ಪುಕ್ಕ ತೆಗೆದು ತಲೆ ಕಡಿದ ಮೈಗಳು ಸಾಲಾಗಿ ಬಂದು ಕೈಗೆ ತಾಗುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಅದೂ ಮಾಲಾಯಿತು. ತೊಡೆ ಬೇರೆ, ಎದೆ ಬೇರೆ ಮಾಡು, ತೂಗು, ಚೀಲಕ್ಕೆ ಹಾಕು, ಬಾಯಿ ಮುಚ್ಚು, ಕ್ರೇಟಿಗಿಡು. ಸ್ವೆಟರಿನ ಮೇಲೆ ಕೋಟು, ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡರೂ ಸಂಜೆಗೆ ಬೆರಳು ತನ್ನವಲ್ಲ ಎನ್ನಿಸುತ್ತಿತ್ತು. ನಾಲಿಗೆಗೆ ಮಾತ್ರ ಅವಳು ಅದನ್ನು ಎಂದೂ ತಾಗಿಸಿಕೊಂಡವಳಲ್ಲ. ಆ ಯೋಚನೆಯೂ ಅವಳಿಗೆ ಬಂದಿರಲಿಲ್ಲ.

ಕೆಲಸ ಬಿಟ್ಟು ಹೋದ ಹೆಂಗಸರಲ್ಲಿ ಪಕ್ಕದ ಮನೆಯ ಶೆಟ್ಟೆವ್ವನ ಸೊಸೆಯೂ ಒಬ್ಬಳು. ತನ್ನ ಸೊಸೆಯ ದುಡಿಮೆ ನಿಂತಿದ್ದು ಶೆಟ್ಟೆವ್ವನಿಗೆ ಚುಚ್ಚುತ್ತಿತ್ತು. ಒಂದು ದಿನ ಹಿಟ್ಟಿನ ಗಿರಣಿಯ ಮುಂದೆ ಸರದಿಯಲ್ಲಿ ನಿಂತಾಗ ಬಾಯವ್ವನ ಕಿವಿಗೆ ಮಾತು ಹಾಕಿದಳು. ಬಾಯವ್ವ ಜೋಳ ಬೀಸಿಸಿಕೊಂಡು ಸುಮ್ಮನೆ ಮನೆಗೆ ಬಂದು, ಸಂಜೆಯ ತನಕ ಕಾದು, ಸೊಸೆಯನ್ನು ಕೇಳಿದಳು.

ಆದರೆ ಕೋಳಿ ಮುಟ್ಟುತ್ತಿದ್ದವಳು ಅನ್ನಪೂರ್ಣಾ ಒಬ್ಬಳೇ ಅಲ್ಲ. ಬಾಳೇಶ ಮೂರು ವರ್ಷದಿಂದ ಅದೇ ಕಂಪನಿಯ ಫ್ರಿಜ್ ಗಾಡಿ ಓಡಿಸುತ್ತಿದ್ದ. ಬೈಲಹೊಂಗಲ, ಸವದತ್ತಿ, ಮುನವಳ್ಳಿ, ರಾಮದುರ್ಗ ಅವನ ದಾರಿ. ಮನೆಯಲ್ಲಿ ಯಾರಾದರೂ ಕೇಳಿದರೆ ತರಕಾರಿ, ಪನೀರು ಎನ್ನುತ್ತಿದ್ದ. ಅದು ಸುಳ್ಳಲ್ಲ. ಗಾಡಿಯ ಮುಂಭಾಗದಲ್ಲಿ ತರಕಾರಿ ಪನೀರು ಇರುತ್ತಿತ್ತು, ಹಿಂಭಾಗದಲ್ಲಿ ಕೋಳಿಯ ಕ್ರೇಟು. ಇಳಿಸಲು ಹಮಾಲರನ್ನು ಕಂಪನಿ ಕೊಡುತ್ತಿರಲಿಲ್ಲ. ಮಾಂಸದೂಟದ ಸಾವಜಿ ಖಾನಾವಳಿಗಳ ಹಿಂಬಾಗಿಲಿಗೆ ಅವನೇ ಹೆಗಲ ಮೇಲೆ ಹೊತ್ತು ಹಾಕುತ್ತಿದ್ದ. ಮಧ್ಯಾಹ್ನ ಅಂಥದೇ ಯಾವುದಾದರೂ ಹಿತ್ತಲಲ್ಲಿ ಕೂತು ಊಟ ಮುಗಿಸುತ್ತಿದ್ದ. ಅಲ್ಲಿ ಏನು ಉಣ್ಣುತ್ತಾನೆಂದು ಅನ್ನಪೂರ್ಣಾಳಿಗೆ ಗೊತ್ತಿತ್ತು. ಅವನೇ ಒಮ್ಮೆ ನಗುತ್ತ ಹೇಳಿದ್ದ.

ಮರುದಿನ ಬೆಳಗ್ಗೆ ಕಂಪನಿಯ ಅಂಗಳದಲ್ಲಿ ಅವನು ಗಾಡಿ ತುಂಬಿಸುತ್ತಿದ್ದಾಗ ಅವಳು ಹತ್ತಿರ ಹೋದಳು.

"ನೀವೂ ಇದನ್ನ ಹೊರತೀರಿ. ಅದೊಂದು ಮಾತು ಮನ್ಯಾಗ ಹೇಳ್ರಿ. ಮಗಾನೂ ಅದನ್ನ ಮಾಡತಾನ ಅಂತ ಗೊತ್ತಾದ್ರ ನನ್ನೊಬ್ಬಾಕಿನ್ನ ಹೊರಗ ಇಡಾಕ ಬರಂಗಿಲ್ಲ ಅವರಿಗೆ."

ಬಾಳೇಶ ಕ್ರೇಟು ಒಳಗೆ ತಳ್ಳಿ ಬಾಗಿಲಿನ ಚಿಲಕ ಹಾಕಿದ.

"ಹೇಳತೇನಿ. ಅಪ್ಪನ ಆಪರೇಶನ್ ಒಂದ ಆಗಲಿ. ಈಗ ಹೇಳಿದ್ರ ಅವ್ವ ಊಟಾನ ಬಿಡತಾಳ."

ಅದು ಅವಳಿಗೂ ಸರಿಯೆನ್ನಿಸಿತು. ಗಂಡನ ಗುಟ್ಟು ತನ್ನ ಹೊಟ್ಟೆಯಲ್ಲಿ ಭದ್ರವಾಗಿದೆ, ಬೇಕಾದಾಗ ಒಂದೇ ಮಾತಿನಲ್ಲಿ ಎಲ್ಲವನ್ನೂ ತಿರುಗಿಸಬಲ್ಲೆ ಎಂಬ ಧೈರ್ಯ ಅವಳನ್ನು ಎಷ್ಟೋ ದಿನ ನಡೆಸಿತು.

ನಿಜ ಹೇಳಬೇಕೆಂದರೆ ಮೊದಮೊದಲು ಅವಳಿಗೆ ಹಾಯೆನಿಸಿತ್ತು. ಮದುವೆಯಾಗಿ ಬಂದಾಗಿನಿಂದ ದೀಪ ಹಚ್ಚುವ ಹೊತ್ತಿಗೆ ಅವಳು ಕಾಲು ಚಾಚಿ ಕೂತದ್ದೇ ಇಲ್ಲ. ಈಗ ಕೂತಲ್ಲಿಗೆ ಗಂಗಾಳ ಬರುತ್ತಿತ್ತು. ಬಾಯವ್ವ ಬಡಿಸುವುದರಲ್ಲಿ ಕೈ ಹಿಡಿದವಳಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಮೇಲೊಂದಿಷ್ಟು ಮೊಸರು, ಎಲ್ಲ ತಪ್ಪದೆ ಇರುತ್ತಿತ್ತು. ಹೊಸ್ತಿಲ ಈಚೆ ಇಟ್ಟು ಒಳಗೆ ಹೋಗುತ್ತಿದ್ದಳು, ಅಷ್ಟೇ. ಒಳಗೆ ಬಾಳೇಶ, ಪ್ರಣಿತಾ, ಬಾಯವ್ವ ಕೂತು ಉಣ್ಣುತ್ತಿದ್ದರು. ಇನ್ನೊಂದು ರೊಟ್ಟಿ ಬೇಕಾದರೆ ಅವಳು ಹೊರಗಿನಿಂದ ಕೂಗಿ ಕೇಳಬೇಕಿತ್ತು. ಸ್ವಲ್ಪ ದಿನ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಒಲೆ ಮುಟ್ಟಬಾರದ ಕೈಗೆ ಉಳಿದ ಕೆಲಸವೇನೂ ಕಡಿಮೆಯಾಗಲಿಲ್ಲ. ಎಮ್ಮೆಯ ಸಗಣಿ ಬಾಚುವುದು ಅವಳದು, ಹಾಲು ಹಿಂಡುವುದು ಮಾತ್ರ ಅಲ್ಲ. ಅಂಗಳ ಗುಡಿಸುವುದು, ನೀರು ತುಂಬುವುದು, ಹಾಸಿಗೆ ಒಗೆಯುವುದು ಅವಳದು. ಮಗನ ಅಂಗಿಗಳನ್ನು ಮಾತ್ರ ಬಾಯವ್ವ ಅವನ ಮದುವೆಗೆ ಮೊದಲಿನಿಂದಲೂ ತಾನೇ ಒಗೆಯುತ್ತಿದ್ದಳು. ನೌಕರಿ ಬಿಡು ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ಪಗಾರದ ದಿನ ಅನ್ನಪೂರ್ಣಾ ಕಿತ್ತೂರಿನ ಎಟಿಎಮ್ಮಿನಿಂದ ರೊಕ್ಕ ತೆಗೆದು ತಂದು ಎಂದಿನಂತೆ ಅತ್ತೆಯ ಮುಂದಿಟ್ಟಳು. ಬಾಯವ್ವ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೊಂಟದ ಚೀಲಕ್ಕೆ ಸೇರಿಸಿದಳು. ಅಂದು ಬಸವಣ್ಣೆಪ್ಪನಿಗೇ ತಡೆಯಲಾಗಲಿಲ್ಲ.

"ಅಕಿ ಕೈ ಬ್ಯಾಡ, ರೊಕ್ಕಾ ನಡೀತೈತೇನ ನಿನಗ?"

"ರೊಕ್ಕಾ ಮಷೀನ್‌ನ್ಯಾಗಿಂದ ಬರತೈತಿ," ಎಂದಳು ಬಾಯವ್ವ. "ಅದಕ್ಕೆಂಥಾ ಮೈಲಿಗಿ."

ಬಸವಣ್ಣೆಪ್ಪ ನಕ್ಕುಬಿಟ್ಟ. ಅನ್ನಪೂರ್ಣಾಳಿಗೆ ನಗು ಬರಲಿಲ್ಲ.

ಕಂಪನಿಯಲ್ಲಿ ಇನ್ನೊಂದು ಪೇಚು. ಮಧ್ಯಾಹ್ನದ ಊಟಕ್ಕೆ ಹೆಂಗಸರು ಎರಡು ಗುಂಪಾಗಿ ಕೂರುವುದು ಮೊದಲಿನಿಂದಲೂ ಇದ್ದ ರೂಢಿ. ತರಕಾರಿಯವರು ಗೋಡೆಯ ನೆರಳಿಗೆ, ಕೋಲ್ಡ್ ರೂಮಿನವರು ಶೆಡ್ಡಿನ ಕೆಳಗೆ. ಕೋಲ್ಡ್ ರೂಮಿನವರೆಲ್ಲ ದೇಗಾಂವ ಕಡೆಯ ಬೌದ್ಧರ ಓಣಿಯವರು, ಸುತ್ತಲಿನ ಊರುಗಳ ಹೊಲಗೇರಿಯವರು. ಅನ್ನಪೂರ್ಣಾ ಎರಡು ವರ್ಷ ಗೋಡೆಯ ನೆರಳಿನಲ್ಲಿ ಕೂತು ಉಂಡಿದ್ದಳು. ಈಗ ಮಷೀನಿನ ಹತ್ತಿರ ಉಳಿದ ಹೆಂಗಸರ ಬಳಿ ಡಬ್ಬಿ ಹಿಡಿದು ಹೋದರೆ ಅವರು ಮಾತು ನಿಲ್ಲಿಸಿ, ತಮ್ಮ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡರು. ಅವಳು ಶೆಡ್ಡಿನ ಕಡೆ ನಡೆದಳು. ಅಲ್ಲಿ ಅವಳ ಜೋಡಿ ತೂಕಕ್ಕೆ ನಿಲ್ಲುತ್ತಿದ್ದ ರೇಣು ಇದ್ದಳು. ಕೆಲಸ ಕಲಿಸಿದವಳು ಅವಳೇ. ಅನ್ನಪೂರ್ಣಾ ಪಕ್ಕದಲ್ಲಿ ಕೂತು ಶೇಂಗಾ ಚಟ್ನಿಯ ಡಬ್ಬಿಯನ್ನು ಅವಳ ಕಡೆ ಸರಿಸಿದಳು.

ರೇಣು ಅದನ್ನು ಮುಟ್ಟಲಿಲ್ಲ.

"ಎರಡ ವರ್ಷ ನೀವು ಅಲ್ಲೆ ಕುಂತ್ರಿ, ನಾವು ಇಲ್ಲೆ ಕುಂತ್ವಿ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಒಂದ ದಿನಾನೂ ಚಟ್ನಿ ಹೆಂಗೈತಿ ನೋಡು ಅನ್ನಲಿಲ್ಲ ನೀವು. ಈಗ ಅಲ್ಲೆ ಜಾಗಾ ಇಲ್ಲಂತ ಇಲ್ಲಿ ಬಂದೀರಿ. ಕುಂಡ್ರಿ ಅಕ್ಕಾರ, ಜಾಗಾ ಯಾರಪ್ಪಂದು ಅಲ್ಲ. ಚಟ್ನಿ ಮಾತ್ರ ಬ್ಯಾಡ."

ಅನ್ನಪೂರ್ಣಾ ಡಬ್ಬಿಯನ್ನು ವಾಪಸು ಎಳೆದುಕೊಂಡಳು. ಏನು ಹೇಳಿದ್ದರೂ ಅದು ಬರೀ ನೆಪವಾಗುತ್ತಿತ್ತು. ಅಂದಿನಿಂದ ಇಬ್ಬರೂ ಅಕ್ಕಪಕ್ಕ ಕೂತು ತಮ್ಮತಮ್ಮ ಡಬ್ಬಿ ಉಣ್ಣತೊಡಗಿದರು. ಕೆಲಸದ ಮಾತು, ಮಕ್ಕಳ ಮಾತು ಆಡುತ್ತಿದ್ದರು. ಅದಕ್ಕಿಂತ ಹತ್ತಿರಕ್ಕೆ ಅದು ಬೆಳೆಯಲಿಲ್ಲ.

ಮಹಾನವಮಿ ಮುಗಿದ ಮೇಲೆ ಬೆಳಗಾವಿಯಲ್ಲಿ ಬಸವಣ್ಣೆಪ್ಪನ ಮೊಣಕಾಲಿನ ಆಪರೇಶನ್ನು ಆಯಿತು. ಮನೆಗೆ ಕರೆತಂದ ಮೇಲೆ ಅವನನ್ನು ಎಬ್ಬಿಸಿ ಕೂರಿಸುವುದು, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು, ಕಮೋಡ್ ಕುರ್ಚಿ ತೊಳೆಯುವುದು ಎಲ್ಲ ಸೊಸೆಯ ಪಾಲಿಗೆ ಬಂತು. ಬಾಯವ್ವನಿಗೆ ಅವನ ಭಾರ ತಡೆಯುತ್ತಿರಲಿಲ್ಲ. ಅನ್ನಪೂರ್ಣಾ ಬೆಳಗ್ಗೆ ಶಿಫ್ಟಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಅದನ್ನೆಲ್ಲ ಮಾಡುತ್ತಿದ್ದಳು. ಮುದುಕ ಸಂಕೋಚದಿಂದ ಮುಖ ಆಚೆ ತಿರುಗಿಸಿಕೊಂಡು, ನಿನ್ನ ಋಣ ತೀರಿಸಲಾರೆ ತಂಗಿ ಎನ್ನುತ್ತಿದ್ದ. ಒಂದು ದಿನ ಅವಳು ಬಾಯಿ ಬಿಟ್ಟು ಕೇಳಿಯೇಬಿಟ್ಟಳು.

"ಮಾವಾರ, ನೀವರ ಅತ್ತಿಗೆ ಒಂದು ಮಾತು ಹೇಳ್ರಿ."

ಬಸವಣ್ಣೆಪ್ಪ ಅಡುಗೆಮನೆಯ ಕಡೆ ನೋಡಿದ. ದನಿ ತಗ್ಗಿಸಿದ.

"ನಾ ಏನ್ ಹೇಳಲಿವಾ. ಅಡಗಿಮನಿ ಅಕಿದು. ನನಗ ಹೊತ್ತಹೊತ್ತಿಗೆ ತುತ್ತು ಸಿಕ್ರ ಸಾಕಾಗೇತಿ."

ಬಾಳೇಶ ಹೇಳಿದ್ದ ಗಡುವೂ ಮುಗಿದಿತ್ತು. ಕೇಳಿದರೆ, ದೀಪಾವಳಿ ಒಂದು ಸುಸೂತ್ರ ಹೋಗಲಿ, ಹಬ್ಬದ ಹೊತ್ತಿನಲ್ಲಿ ಮನೆಯಲ್ಲಿ ರಗಳೆ ಬೇಡ ಎಂದ. ಅವನ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ರಾಮದುರ್ಗದಿಂದ ಬರುವಾಗ ಅವಳಿಗೆಂದು ಒಡೆದ ಕೈಗೆ ಹಚ್ಚುವ ಮುಲಾಮು ತಂದಿದ್ದ. ಅದನ್ನು ಕೊಡುವಾಗ ಅವ್ವ ಒಳಗಿದ್ದಾಳೋ ಹೊರಗಿದ್ದಾಳೋ ಎಂದು ಒಮ್ಮೆ ನೋಡಿ ಕೊಟ್ಟ.

ದೀಪಾವಳಿಯ ದಿನ ಬಾಯವ್ವ ಹೋಳಿಗೆ ಮಾಡಿದಳು. ಅನ್ನಪೂರ್ಣಾಳ ಕಣಕ ಮೆತ್ತಗೆ, ಅವಳು ಲಟ್ಟಿಸಿದ ಹೋಳಿಗೆ ಎಂದೂ ಒಡೆಯುತ್ತಿರಲಿಲ್ಲ. ಪ್ರತಿ ವರ್ಷ ಓಣಿಯವರೆಲ್ಲ ಅದನ್ನು ಹೊಗಳುತ್ತಿದ್ದರು. ಈ ಸಲ ಅವಳು ಪಡಸಾಲೆಯಲ್ಲಿ ಕೂತು ಒಳಗಿನ ಸದ್ದು ಕೇಳುತ್ತಿದ್ದಳು. ಹೋಳಿಗೆ ಒಡೆದು ಹೂರಣ ಹಂಚಿನ ಮೇಲೆ ಸೀಯುವ ವಾಸನೆ ಬಂತು. ಏಳಬೇಕೆನಿಸಿ ಅರ್ಧ ಎದ್ದವಳು ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ಪ್ರಣಿತಾ ಹೊಸ ಲಂಗ ಉಟ್ಟುಕೊಂಡು ಗಂಗಾಳ ಹಿಡಿದು ಬಂದಳು. ಅನ್ನಪೂರ್ಣಾ ಕೈ ಚಾಚಿದಳು. ಹುಡುಗಿ ಕೈಗೆ ಕೊಡದೆ ಗಂಗಾಳವನ್ನು ನೆಲದ ಮೇಲಿಟ್ಟು, ಎರಡು ಬೆರಳಿನಿಂದ ಅವ್ವನ ಕಡೆ ತಳ್ಳಿದಳು.

"ಯಾಕ ಹಂಗ ಇಡತಿ?"

"ಆಯಿ ಹಿಂಗ ಇಡು ಅಂದಾಳ," ಎಂದು ಹೇಳಿ, ಪಟಾಕಿಯ ಸದ್ದಿಗೆ ಹೊರಗೆ ಓಡಿದಳು.

ಹಬ್ಬ ಕಳೆದ ಮೇಲಿನ ವಾರದಲ್ಲಿ, ಅನ್ನಪೂರ್ಣಾಳ ರಜೆಯ ದಿನ, ಬಾಳೇಶನ ಗಾಡಿಯ ಥಂಡಿ ಮಷೀನು ಕೆಟ್ಟಿತು. ಕಂಪನಿ ಬಿಟ್ಟು ಸ್ವಲ್ಪವೇ ದಾರಿ ಬಂದಿದ್ದ. ಮಾಲು ಪೂರಾ ತುಂಬಿತ್ತು. ಫೋನು ಮಾಡಿದರೆ, ಎಲ್ಲಾದರೂ ನೆರಳಿಗೆ ನಿಲ್ಲಿಸು, ಬೆಳಗಾವಿಯಿಂದ ಮೆಕ್ಯಾನಿಕ್ ಬರುತ್ತಾನೆ ಎಂದರು. ಆ ರಸ್ತೆಯಲ್ಲಿ ಗಾಡಿ ನಿಲ್ಲುವಷ್ಟು ನೆರಳಿದ್ದದ್ದು ಅವರ ಮನೆಯ ಮುಂದಿನ ಬೇವಿನ ಮರದ ಕೆಳಗೆ ಮಾತ್ರ. ಅವನು ಅಲ್ಲೇ ತಂದು ನಿಲ್ಲಿಸಿದ. ಮೆಕ್ಯಾನಿಕ್ ಈಗ ಬಂದ, ಆಗ ಬಂದ ಎನ್ನುವಷ್ಟರಲ್ಲಿ ಬಿಸಿಲು ಏರಿತು.

ಅನ್ನಪೂರ್ಣಾ ನಳದ ಬಳಿ ಹಾಸಿಗೆ ಒಗೆಯುತ್ತಿದ್ದವಳು ತಲೆಯೆತ್ತಿ ನೋಡಿದಾಗ ಗಾಡಿಯ ಹಿಂಬಾಗಿಲ ಸಂದಿನಿಂದ ನೀರು ಸುರಿಯುತ್ತಿತ್ತು. ತೆಳುವಾದ ಕೆಂಪು ನೀರು. ಬಾಯವ್ವ ಬೆಳಗ್ಗೆ ಸಾರಿಸಿ ರಂಗೋಲಿ ಹಾಕಿದ್ದ ಬಾಗಿಲ ಮುಂದಿನ ನೆಲಕ್ಕೆ ಅದು ಹರಿದು ಬಂದಿತ್ತು. ಓಣಿಯ ನಾಯಿ ಬಂದು ಮೂಸಿತು. ಪಕ್ಕದ ಕಟ್ಟೆಯ ಮೇಲೆ ಶೆಟ್ಟೆವ್ವ ಬಂದು ನಿಂತಳು. ಬಾಳೇಶ ಗಾಡಿಯ ಪಕ್ಕದಲ್ಲಿ ಕೈಯಲ್ಲಿ ಫೋನು ಹಿಡಿದು ನಿಂತೇ ಇದ್ದ.

ಆ ಹೊತ್ತಿಗೆ ಬಾಯವ್ವ ಹೊರಗೆ ಬಂದಳು. ಅನ್ನಪೂರ್ಣಾ ಒಗೆಯುವುದನ್ನು ಬಿಟ್ಟು ಎದ್ದು ನಿಂತಳು. ತಾನು ಹೇಳಬೇಕಿಲ್ಲ, ಅವನೂ ಹೇಳಬೇಕಿಲ್ಲ, ಬಾಗಿಲ ಮುಂದೆಯೇ ಎಲ್ಲ ಬಂದು ಬಿದ್ದಿದೆ. ಇನ್ನು ಅತ್ತೆ ಏನು ಮಾಡಿದರೂ ಮಗನಿಗೂ ಸೊಸೆಗೂ ಒಂದೇ ಆಗಬೇಕು. ಒಂದೋ ಇಬ್ಬರೂ ಹೊರಗೆ, ಇಲ್ಲವೇ ಇಬ್ಬರೂ ಒಳಗೆ.

ಬಾಯವ್ವ ನೆಲ ನೋಡಿದಳು, ಶೆಟ್ಟೆವ್ವನನ್ನು ನೋಡಿದಳು, ಮಗನನ್ನು ನೋಡಿದಳು.

"ಗಾಡಿ ಒಂದೀಟ ಮುಂದ ತಗೊಂಡ ನಿಲ್ಲಸು. ಬಾಗಲ ಮುಂದ ಬ್ಯಾಡ."

ಬಾಳೇಶ ಗಾಡಿ ಮುಂದಕ್ಕೆ ಒಯ್ದ. ಬಾಯವ್ವ ಕೊಡಪಾನ ತಂದು ನೀರು ಸುರಿದಳು, ಕಸಬರಿಗೆಯಿಂದ ಗಟಾರಕ್ಕೆ ತಳ್ಳಿದಳು, ಸಗಣಿ ಕಲಸಿ ಮತ್ತೆ ಸಾರಿಸಿದಳು. ಶೆಟ್ಟೆವ್ವ ಒಳಗೆ ಹೋದಳು. ಆಮೇಲೆ ಬಾಯವ್ವ ಕೈ ತೊಳೆದುಕೊಂಡು ಮಗನನ್ನು ಕರೆದಳು.

"ಜಳಕಾ ಮಾಡಿ ಒಳಗ ಬಾ. ರೊಟ್ಟಿ ಆರತಾವು."

ಬಾಳೇಶ ಜಳಕ ಮಾಡಿ ಬಂದು ದಿನದ ಜಾಗದಲ್ಲಿ, ಒಲೆಯ ಎದುರಿಗೆ, ಮಣೆಯ ಮೇಲೆ ಕೂತ. ಬಾಯವ್ವ ಬಡಿಸಿದಳು. ಅನ್ನಪೂರ್ಣಾ ಒದ್ದೆ ಸೀರೆಯಲ್ಲೇ ಬಂದು ಹೊಸ್ತಿಲ ಈಚೆ ನಿಂತಳು.

"ಅತ್ತಿ, ಆ ನೀರು ಯಾತರದು ಅಂತ ನೀವು ಕೇಳಲೇ ಇಲ್ಲಲ್ರಿ."

"ಕೇಳೂದೇನೈತಿ? ಅಂವ ಗಾಡಿ ಹಿಡದಾಗಿಂದ ಅವನ ಅಂಗಿ ನಾನ ಹಿಂಡತೇನಿ. ಹೆಗಲ ಮ್ಯಾಲಿನ ಕಲಿ ಯಾತರದು ಅಂತ ತಿಳೀಲಾರದಷ್ಟು ನನ್ನ ಕಣ್ಣ ಹೋಗಿಲ್ಲ."

ಅನ್ನಪೂರ್ಣಾ ಮಾವನ ಕಡೆ ತಿರುಗಿದಳು. ಮಂಚದ ಮೇಲೆ ಮಲಗಿದ್ದ ಬಸವಣ್ಣೆಪ್ಪ ಗೋಡೆಯ ಕಡೆ ಹೊರಳಿದ. ಅವನಿಗೂ ಗೊತ್ತಿತ್ತು. ಗಂಡನ ಕಡೆ ನೋಡಿದಳು. ರೊಟ್ಟಿ ಮುರಿದು ಹಿಡಿದಿದ್ದ ಬಾಳೇಶನ ಕೈ ಅರ್ಧಕ್ಕೆ ನಿಂತಿತ್ತು. ಇದು ಅವನಿಗೂ ಹೊಸ ಸುದ್ದಿ. ಆದರೆ ಅವನ ಮುಖದ ಮೇಲೆ ಮೂಡಿದ್ದು ನಾಚಿಕೆಯಲ್ಲ, ನಿರಾಳ. ಮೂರು ವರ್ಷದ ಭಾರ ಇಳಿದವನಂತೆ ಅವನು ಉಸಿರು ಬಿಟ್ಟು, ತುಂಡನ್ನು ಪಲ್ಲೆಗೆ ಅದ್ದಿ ಬಾಯಿಗಿಟ್ಟುಕೊಂಡ.

"ಹಂಗಾರ ನನಗೊಬ್ಬಾಕಿಗೆ ಯಾಕ ಹೊಸ್ತಿಲ ಹೊರಗ?"

"ಅಂವ ಒಲಿ ಮುಟ್ಟತಾನೇನ?" ಬಾಯವ್ವ ನಿಜವಾಗಿಯೂ ಕೇಳುವವಳಂತೆ ಕೇಳಿದಳು. "ಗಂಡಸು, ನಾಕೂರು ತಿರಗಾಂವ. ಹೊರತಾನ, ಹೊರಗ ಏನರ ತಿಂತಾನ, ಬಂದು ಮೈ ತೊಕ್ಕೊತಾನ, ಅಲ್ಲಿಗೆ ಮುಗೀತು. ನಿಂದು ಹಂಗಲ್ಲ. ನಿನ್ನ ಕೈಯಾಗಿಂದ ಮನಿಮಂದಿ ಹೊಟ್ಟಿಗೆ ಹೋಗತೈತಿ."

"ನೀವರ ಏನಾರ ಹೇಳ್ರಿ," ಎಂದಳು ಅನ್ನಪೂರ್ಣಾ ಗಂಡನಿಗೆ.

"ಉಣ್ಣೂಮುಂದ ಯಾಕ ಈ ಮಾತು," ಎಂದ ಬಾಳೇಶ. "ಆಮ್ಯಾಲೆ ನೋಡೂಣು."

ಅವಳು ಹೋಗಿ ಹಾಸಿಗೆ ಹಿಂಡಿ ಒಣಗಿಸಿದಳು. ಮೆಕ್ಯಾನಿಕ್ ಮಧ್ಯಾಹ್ನ ಕಳೆದ ಮೇಲೆ ಬಂದ. ಕೋಳಿಯೆಲ್ಲ ಕೆಟ್ಟಿತ್ತು, ವಾಪಸು ಒಯ್ದು ಹುಗಿದರು. ತಾನು ಇಷ್ಟು ದಿನ ಹೊಟ್ಟೆಯಲ್ಲಿಟ್ಟು ಕಾಯ್ದ ಮಾತು ಈ ಮನೆಯಲ್ಲಿ ಎಲ್ಲರ ಹೊಟ್ಟೆಯಲ್ಲೂ ಇತ್ತು, ಅದಕ್ಕೆ ಕಿಮ್ಮತ್ತೇ ಇರಲಿಲ್ಲ ಎಂಬುದು ಅವಳಿಗೆ ಬಟ್ಟೆ ಹಿಂಡುತ್ತ ಹಿಂಡುತ್ತ ತಿಳಿಯಿತು. ಅಳು ಬರಲಿಲ್ಲ. ಕೈಗಳು ಥಂಡಿ ಕೋಣೆಯಲ್ಲಿದ್ದಂತೆ ಮರಗಟ್ಟಿದ್ದವು.

ಆ ತಿಂಗಳ ಪಗಾರವನ್ನು ಅವಳು ಅತ್ತೆಯ ಮುಂದಿಡಲಿಲ್ಲ. ಕಿತ್ತೂರಿನ ಪೇಟೆಯಲ್ಲಿ ಒಂದು ಸಣ್ಣ ಗ್ಯಾಸು, ಒಂದು ಹಂಚು, ಎರಡು ಪಾತೆಲಿ, ಜೋಳದ ಹಿಟ್ಟು ಕೊಂಡು ಕಂಪನಿಯ ಟೆಂಪೋದಲ್ಲೇ ಹಾಕಿಕೊಂಡು ಬಂದಳು. ಎಮ್ಮೆ ಕಟ್ಟುವ ಜಾಗದ ಪಕ್ಕ ಹೊಟ್ಟು ತುಂಬುತ್ತಿದ್ದ ತಗಡಿನ ಇಳಿಜಾರು ಚಪ್ಪರವಿತ್ತು. ಅದನ್ನು ಗುಡಿಸಿ, ಸಾರಿಸಿ, ಗ್ಯಾಸು ಇಟ್ಟಳು. ಬಾಯವ್ವ ನೋಡಿದಳು, ಕೇಳಲಿಲ್ಲ. ಓಣಿಯಲ್ಲಿ ಮಾತ್ರ, ನಾಲ್ಕು ರೊಕ್ಕ ಕಂಡ ಮೇಲೆ ಸೊಸೆ ಬೇರೆಯಾದಳು ಎಂದು ಹೇಳಿಕೊಂಡು ಬಂದಳು. ಅದನ್ನು ಕೇಳಿದವರೆಲ್ಲ ನಂಬಿದರು.

ಬಾಳೇಶ ಸಿಟ್ಟಿಗೆದ್ದ. ಮದುವೆಯಾದಾಗಿನಿಂದ ಅವನು ಅಷ್ಟು ಸಿಟ್ಟು ಮಾಡಿದ್ದಿಲ್ಲ.

"ಮನಿ ಒಡ್ಯಾಕ ಹತ್ತಿಯೇನ? ಅಪ್ಪ ಹಾಸಗಿ ಹಿಡದಾನ, ಮಂದಿ ಏನಂತಾರ?"

ಅವಳು ಹಿಟ್ಟು ನಾದುತ್ತಿದ್ದಳು. ತಿಂಗಳುಗಳ ಮೇಲೆ ಹಿಟ್ಟು ಮುಟ್ಟಿದ ಬೆರಳು ಮಾತು ಕೇಳುತ್ತಿರಲಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು.

"ಮಾವಾರ ಸೇವಾ ನಾ ಬಿಟ್ಟಿಲ್ಲ. ಮನಿ ಒಡದದ್ದೂ ನಾ ಅಲ್ಲ," ಎಂದಳು. "ನನ್ನ ಗಂಗಾಳ ಹೊಸ್ತಿಲ ಹೊರಗ ಇಟ್ಟ ದಿನ ನೀವು ಒಳಗ ಕುಂತು ಉಂಡ್ರಿ. ಅವತ್ತ ಒಡದೈತಿ."

ಬಾಳೇಶ ಗಾಡಿ ಹತ್ತಿ ಹೋದ. ಅಂದು ಸಂಜೆಯೂ ಅವನು ಅವ್ವನ ಒಲೆಯ ಎದುರಿಗೇ ಕೂತು ಉಂಡ. ಅದರ ಮರುದಿನವೂ ಅಲ್ಲೇ. ಅನ್ನಪೂರ್ಣಾ ಕರೆಯಲಿಲ್ಲ. ಕರೆದರೆ ಬರಬೇಕಾಗುತ್ತದೆಂದು ಅವನು ಚಪ್ಪರದ ಕಡೆ ಮುಖ ಹಾಕುವುದನ್ನೇ ಬಿಟ್ಟ.

ಮಗಳನ್ನು ಮಾತ್ರ ಅವಳು ದಿನಾ ಕರೆಯುತ್ತಿದ್ದಳು. ಹುಡುಗಿ, ಹಸಿವಿಲ್ಲ, ಆಯಿ ಈಗಷ್ಟೇ ಕೊಟ್ಟಳು ಎಂದು ದೂರದಿಂದಲೇ ಓಡಿಹೋಗುತ್ತಿದ್ದಳು. ಅನ್ನಪೂರ್ಣಾ ಒತ್ತಾಯ ಮಾಡಲಿಲ್ಲ. ಒಂದು ಬೆಳಗ್ಗೆ ಬೇಗ ಎದ್ದು ಮುಳ್ಳಗಾಯಿ ಬದನೆ ಸೀಳಿ, ಶೇಂಗಾ ಎಳ್ಳು ತುಂಬಿ ಎಣ್ಣಿಗಾಯಿ ಮಾಡಿದಳು. ಪ್ರಣಿತಾಳಿಗೆ ಅದೆಂದರೆ ಜೀವ. ಬಾಯವ್ವನ ಕೈಯದು ಅವಳಿಗೆ ರುಚಿಸುತ್ತಿರಲಿಲ್ಲ, ಅವ್ವನದೇ ಆಗಬೇಕು. ಒಗ್ಗರಣೆಯ ಘಮ ಅಂಗಳಕ್ಕೆಲ್ಲ ಹರಡಿದಾಗ ಸಾಲಿಯ ಅಂಗಿ ತೊಟ್ಟ ಹುಡುಗಿ ಮೂಲೆಯಲ್ಲಿ ಬಂದು ನಿಂತಳು. ಬಾ ಎಂದರೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಬಾಯವ್ವ ಒಳಗೆ ಲಿಂಗಪೂಜೆಗೆ ಕೂತಿದ್ದಳು.

ಪ್ರಣಿತಾ ಬಂದು ಕುಕ್ಕರುಗಾಲಲ್ಲಿ ಕೂತಳು. ಅನ್ನಪೂರ್ಣಾ ಬಿಸಿ ರೊಟ್ಟಿ ಮುರಿದು, ಎಣ್ಣಿಗಾಯಿ ಹಚ್ಚಿ, ಊದಿ, ಬಾಯಿಗೆ ಕೊಟ್ಟಳು. ಹುಡುಗಿ ತಿಂದಳು. ಆಮೇಲೆ ತಾನೇ ಗಂಗಾಳ ಎಳೆದುಕೊಂಡು, ಗಲ್ಲದ ತುಂಬ ಎಣ್ಣೆ ಮಾಡಿಕೊಂಡು ತಿಂದಳು. ಇನ್ನೊಂದು ರೊಟ್ಟಿ ಬೇಡಿದಳು. ಸಾಲಿಯಲ್ಲಿ ಯಾರೋ ಯಾರದೋ ಪೆನ್ಸಿಲ್ ಕದ್ದ ಕಥೆಯನ್ನು ಬಾಯಿ ತುಂಬಿಕೊಂಡೇ ಹೇಳಿದಳು. ಎಷ್ಟೋ ದಿನಗಳ ಮೇಲೆ ಅನ್ನಪೂರ್ಣಾ ನಕ್ಕಳು. ಕಂಪನಿಯ ಟೆಂಪೋ ಬರುವ ಹೊತ್ತಾಗಿತ್ತು, ಅವಳು ಏಳಲಿಲ್ಲ.

ಒಳಗಿನಿಂದ ಬಾಯವ್ವನ ಕರೆ ಕೇಳಿಸಿತು. ಹಾಲು ಕಾದಿದೆ, ಬಂದು ಕುಡಿ ಎಂದು.

ಪ್ರಣಿತಾ ಎದ್ದಳು. ಒಳಗೆ ಓಡಲಿಲ್ಲ. ನೀರಿನ ಡ್ರಮ್ಮಿನ ಬಳಿ ಹೋಗಿ ನಿಂತು, ಎರಡೂ ಕೈ ಮುಂದೆ ಚಾಚಿದಳು.

"ಅವ್ವಾ, ನೀರ ಹಾಕು."

ಅನ್ನಪೂರ್ಣಾ ತಂಬಿಗೆ ತುಂಬಿ ಹಾಕಿದಳು. ಹುಡುಗಿ ಮೊಣಕೈಯ ತನಕ ತಿಕ್ಕಿ ತೊಳೆದುಕೊಂಡಳು. ಬಾಯಿ ಮುಕ್ಕಳಿಸಿ ಉಗುಳಿದಳು. ಮುಖ ತೊಳೆದಳು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಿದ್ದರೆ ಅನ್ನಪೂರ್ಣಾ ಅವರ ಜೊತೆ ಜಗಳವಾಡಬಹುದಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಹುಡುಗಿ ಅಂಗೈಗಳನ್ನು ಅವ್ವನ ಮೂಗಿನ ಹತ್ತಿರ ಹಿಡಿದಳು.

"ವಾಸನಿ ಹೋತೇನ ನೋಡು."

ಅನ್ನಪೂರ್ಣಾ ಬಗ್ಗಿದಳು. ಆ ಪುಟ್ಟ ಅಂಗೈಯಲ್ಲಿ ಶೇಂಗಾ, ಎಳ್ಳು, ಬದನೆಕಾಯಿಯ ಘಮ ಇನ್ನೂ ಉಳಿದಿತ್ತು.

"ಹೋಗೇತಿ," ಎಂದಳು. "ನಡಿ, ಹಾಲು ಆರತೈತಿ."